ಮನೆ ನೋಡುವುದಾದರೆ ಆಷಾಢದಲ್ಲಿ ನೋಡಿ

ಬೆಳಗಾವಿಯಲ್ಲಿ ಸಂಸಾರಕ್ಕೆಂದು ಒಂದು ಮನೆ ಕೊಳ್ಳಬೇಕು, ಓಣಿ ಶಾಂತವಾಗಿರಬೇಕು, ಬಾಗಿಲ ಮುಂದೆ ಒಂದೆರಡು ಮರ ಇರಬೇಕು ಎನ್ನುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಮನೆ ನೋಡಲು ಹೊರಡಿ. ಆಷಾಢದಲ್ಲಿ ಯಾರೂ ಖರೀದಿ ಮಾಡುವುದಿಲ್ಲ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಖರೀದಿ ಬೇಡ, ಸರಿ. ನೋಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ದೊಡ್ಡ ಪಾಲು ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲೇ ಸುರಿದು ಹೋಗುತ್ತದೆ. ಮಾರುವವರು ಮಾರ್ಚಿನಲ್ಲಿ ಬಣ್ಣ ಹೊಡೆಸಿ ಮುಚ್ಚಿದ್ದೆಲ್ಲ ಜುಲೈ ಹೊತ್ತಿಗೆ ಗೋಡೆಯ ಮೇಲೆ ತಾನಾಗಿ ಬಂದು ನಿಲ್ಲುತ್ತದೆ. ಆಗ ನೋಡಿ, ಶ್ರಾವಣದಲ್ಲಿ ಮಾತುಕತೆ ಮುಗಿಸಿ, ದಸರೆಯ ಹೊತ್ತಿಗೆ ನೋಂದಣಿ ಮಾಡಿಸಿಕೊಳ್ಳಿ.

ನಾನು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೇವೆಯ ಬಹುಪಾಲು ಇತರರ ಮನೆಗಳ ಕಾಗದ ಓದುವುದರಲ್ಲೇ ಕಳೆಯಿತು. ಈಗ ಹಿಂದವಾಡಿಯಲ್ಲಿ ನಮ್ಮ ಹಳೆಯ ಮನೆಯಲ್ಲಿದ್ದೇವೆ. ಅಕ್ಕನ ಮಕ್ಕಳು, ಜೊತೆಗೆ ಕೆಲಸ ಮಾಡಿದವರ ಮಕ್ಕಳು ಮನೆ ನೋಡಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಏಜೆಂಟರು ಮನೆಯ ಬಗ್ಗೆ ಮಾತಾಡುತ್ತಾರೆ, ನೆಲದ ಬಗ್ಗೆ ಮಾತಾಡುವುದಿಲ್ಲ. ನೀವು ನೆಲದಿಂದಲೇ ಆರಂಭಿಸಬೇಕು. ಊರಿನ ಪಡುವಣ ದಿಕ್ಕು ಹೆಚ್ಚಾಗಿ ಕೆಂಪು ಮಸಾರಿ ನೆಲ, ಕೆಳಗೆ ಜಂಬಿಟ್ಟಿಗೆ. ನೀರು ಬೇಗ ಇಂಗುತ್ತದೆ, ಪಾಯ ಅಲುಗುವುದಿಲ್ಲ. ವಡಗಾವಿ, ಅನಗೋಳ, ಯಳ್ಳೂರಿನ ಕಡೆ ಸಾಗಿದರೆ ಭತ್ತದ ಗದ್ದೆಗಳು. ಬೆಳಗಾವಿ ಬಾಸುಮತಿ ಬೆಳೆದ ನೆಲ ಅದು. ಗದ್ದೆ ಎಂದರೆ ನೀರು ನಿಲ್ಲುವ ಜಾಗ ಎಂದೇ ಅರ್ಥ. ಅದನ್ನು ಮುರುಮು ಹಾಕಿ ಏರಿಸಿ ಪ್ಲಾಟು ಮಾಡಿದರೂ ಕೆಳಗಿನ ಎರೆ ಮಣ್ಣು ತನ್ನ ಗುಣ ಬಿಡುವುದಿಲ್ಲ: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಜೊತೆಗೆ ಎಳೆಯುತ್ತದೆ. ಅಂಥ ಕಡೆ ಮನೆ ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಪಾಯ ಎಷ್ಟು ಆಳ ತೆಗೆದಿದ್ದಾರೆ, ಗಟ್ಟಿ ನೆಲ ಸಿಕ್ಕಿದೆಯೇ, ಪಿಲ್ಲರ್ ಹಾಕಿ ಕಟ್ಟಿದ್ದಾರೆಯೇ ಎಂದು ಕಟ್ಟಿದ ಗೌಂಡಿಯನ್ನೇ ಹುಡುಕಿ ಕೇಳಿ. ಗೌಂಡಿಗೆ ಮನೆ ಮಾರುವ ಅವಸರ ಇರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಮನೆ ಬಳ್ಳಾರಿ ನಾಲೆಯ ಹತ್ತಿರವಿದ್ದರೆ 2019ರ ಆಗಸ್ಟ್ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ವಿಚಾರಿಸಿ. ಆ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಹಾಲು ಹಾಕುವವರು, ಇಸ್ತ್ರಿ ಅಂಗಡಿಯವರು ಗೋಡೆಗೆ ಕೈ ಇಟ್ಟು ತೋರಿಸುತ್ತಾರೆ.

ಗೇಟಿನಲ್ಲಿ ನಿಂತು ಇನ್ನೊಂದು ವಿಷಯ ಗಮನಿಸಿ. ರಸ್ತೆ ಎತ್ತರದಲ್ಲಿದೆಯೋ ಅಂಗಳ ಎತ್ತರದಲ್ಲಿದೆಯೋ? ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕಿ ರಸ್ತೆಯನ್ನು ಏರಿಸುತ್ತಲೇ ಬಂದಿದ್ದಾರೆ. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದೇ ಮೆಟ್ಟಿಲು ಉಳಿದಿದ್ದರೆ, ರಸ್ತೆಯ ನೀರು ಹರಿದು ಬಂದು ಸೇರುವುದು ಆ ಅಂಗಳಕ್ಕೇ. ಇದಕ್ಕೆ ಮದ್ದು ಇದೆ, ಆದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡೇ ಮಾತಾಡಬೇಕು.

ಒಳಗೆ ಹೋದ ಮೇಲೆ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತ ಮಾತಿಗೆ ಇಳಿಯಬೇಡಿ. ನೇರವಾಗಿ ಮನೆಯ ನೈಋತ್ಯ ಮೂಲೆಯ ಕೋಣೆಗೆ ಹೋಗಿ. ವಾಸ್ತುವಿಗಾಗಿ ಅಲ್ಲ. ನಮ್ಮ ಮುಂಗಾರು ಬೀಸುವುದು ಆ ದಿಕ್ಕಿನಿಂದ. ಆ ಗೋಡೆ ತಿಂಗಳುಗಟ್ಟಲೆ ಎರಚಲು ತಿನ್ನುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ಮನೆಯಲ್ಲಿ ಆ ಗೋಡೆಗೆ ದೊಡ್ಡ ಕಪಾಟು ಒತ್ತಿ ನಿಲ್ಲಿಸಿದ್ದರು, ಪಕ್ಕದಲ್ಲಿ ಹೊಸ ಕ್ಯಾಲೆಂಡರ್. ಕ್ಯಾಲೆಂಡರ್ ಎತ್ತಿ ಗಿಲಾವಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ನಾಣ್ಯದಿಂದ ತಟ್ಟಿದರೆ ಮೊಳಕಾಲಿನ ಎತ್ತರದವರೆಗೆ ಡಬ್‌ಡಬ್ ಎನ್ನುವ ಪೊಳ್ಳು ಸದ್ದು, ಅದರ ಮೇಲೆ ಗಟ್ಟಿ. ಕಪಾಟಿನ ಹಿಂದೆ ಮೊಬೈಲ್ ಬೆಳಕು ಬಿಟ್ಟು ನೋಡಿದಾಗ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು, ಕೆಳಗೆ ಬಿಳಿ ಉಪ್ಪು ಉದುರಿ ನೆಲದ ಮೇಲೆ ಸಣ್ಣ ರಾಶಿಯಾಗಿತ್ತು. ಸೂರಿನಿಂದ ಬಂದ ನೀರಾಗಿದ್ದರೆ ಗುರುತು ಮೇಲಿನಿಂದ ಇಳಿದಿರುತ್ತದೆ. ಕೆಳಗಿನಿಂದ ಏರಿದೆ ಎಂದರೆ ಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ ಅಥವಾ ಅದು ಸತ್ತಿದೆ. ಸೂರಿನ ಸೋರಿಕೆಯನ್ನು ಒಂದು ಬೇಸಿಗೆಯಲ್ಲಿ ಸರಿ ಮಾಡಬಹುದು. ಕೆಳಗಿನಿಂದ ಏರುವ ತೇವ ಬಣ್ಣ ಹೊಡೆಸಿದಷ್ಟೂ ಮರಳಿ ಬರುತ್ತದೆ. ನೆಲದಿಂದ ಏರಿದ ತೇವದ ಮನೆಯನ್ನು, ಅದರಲ್ಲೂ ಮನೆಯಲ್ಲಿ ಉಬ್ಬಸದವರು ಇದ್ದರೆ, ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ಬಿರುಕುಗಳಿಗೆಲ್ಲ ಹೆದರಬೇಕಾಗಿಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕು ಗಿಲಾವಿನದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ, ನಾಣ್ಯದ ಅಂಚು ಹೋಗುವಷ್ಟು ಅಗಲದ ಬಿರುಕು ಕಂಡರೆ ಪಾಯ ಕುಸಿಯುತ್ತಿದೆ ಎಂಬ ಅನುಮಾನ ಇಟ್ಟುಕೊಳ್ಳಿ, ಸಿವಿಲ್ ಎಂಜಿನಿಯರೊಬ್ಬರಿಗೆ ಶುಲ್ಕ ಕೊಟ್ಟು ತೋರಿಸಿ. ಹಳೆಯ ಹಂಚಿನ ಮನೆಯಾದರೆ ಅಟ್ಟ ಹತ್ತಿ ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಚಾಕುವಿನ ಮೊನೆಯಿಂದ ಒತ್ತಿ ನೋಡಿ. ಸಾಗುವಾನಿಯಾದರೆ ಮೊನೆ ಇಳಿಯುವುದಿಲ್ಲ. ಸುಲಭವಾಗಿ ಇಳಿದರೆ ಒಳಗೆ ಗೆದ್ದಲು ತನ್ನ ಕೆಲಸ ಮುಗಿಸಿದೆ.

ಮರಗಳ ಆಸೆಯಿಂದಲೇ ನೀವು ಇಂಥ ಬಡಾವಣೆ ಹುಡುಕುತ್ತಿದ್ದೀರಿ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಸುತ್ತಿನ ರಸ್ತೆಗಳಲ್ಲಿ ಏಪ್ರಿಲ್ ಮಧ್ಯಾಹ್ನ ನಡೆದವರಿಗೆ ನೆರಳಿನ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮರ ಯಾವುದು, ಗೋಡೆಯಿಂದ ಎಷ್ಟು ದೂರ ಎಂದು ನೋಡಲೇಬೇಕು. ಮಾವು, ಹಲಸು, ನೇರಳೆ ಹಿತ್ತಲಿನ ತುದಿಯಲ್ಲಿದ್ದರೆ ಅದೃಷ್ಟ. ಆಲ, ಅರಳಿ, ಅತ್ತಿ ಗೋಡೆಗೆ ಹತ್ತಿಕೊಂಡಿದ್ದರೆ ಬೇರು ಒಳಚರಂಡಿಯ ಕೊಳವೆಯೊಳಗೆ ನುಗ್ಗುತ್ತದೆ, ಪಾಯದ ಕಲ್ಲನ್ನೂ ಸರಿಸುತ್ತದೆ. ಗುಲ್‌ಮೊಹರ್ ಹೂವು ಎಷ್ಟೇ ಚೆಂದವಾದರೂ ಬೇರು ಮೇಲೆಮೇಲೆ ಹರಿಯುವ ಮರ, ಗಾಳಿ ಮಳೆಗೆ ಕೊಂಬೆ ಬೇಗ ಮುರಿಯುತ್ತದೆ. ಅದರ ಕೆಳಗೆ ಕಾರು ನಿಲ್ಲಿಸುವ ಜಾಗ ಇಟ್ಟುಕೊಳ್ಳಬೇಡಿ. ಕೊಂಡ ಮೇಲೆ ಕಡಿಸಿದರಾಯಿತು ಎಂಬ ಲೆಕ್ಕವಂತೂ ಬೇಡ. ನಿಮ್ಮದೇ ಕಂಪೌಂಡಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, ತೆಂಗಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆ ಕಾಯ್ದೆ ಇರುವುದರಿಂದಲೇ ಈ ಓಣಿಗಳಲ್ಲಿ ಇಷ್ಟಾದರೂ ಹಸಿರು ಉಳಿದಿದೆ. ಮನೆಗಾಗಿ ಮರ ಕಡಿಯುವವರಿಗೆ ಮರವಿಲ್ಲದ ಬಡಾವಣೆಗಳು ಬೇಕಾದಷ್ಟಿವೆ.

ಶಾಂತಿಯ ಪರೀಕ್ಷೆಗೆ ಏಜೆಂಟರ ಜೊತೆ ಹೋಗಬೇಡಿ. ಅವರು ಮಧ್ಯಾಹ್ನ ಮೂರು ಗಂಟೆಗೆ ಕರೆದುಕೊಂಡು ಹೋಗುತ್ತಾರೆ, ಆಗ ಯಾವ ಓಣಿಯಾದರೂ ಶಾಂತವೇ. ಶಾಲೆ ತೆರೆಯುವ ಹೊತ್ತಿಗೆ ಒಮ್ಮೆ, ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಒಮ್ಮೆ ಹೋಗಿ. ಹತ್ತಿರ ಮಂಗಲ ಕಾರ್ಯಾಲಯ ಇದ್ದರೆ ಲಗ್ನದ ಮುಹೂರ್ತ ಇರುವ ದಿನವೇ ಹೋಗಿ ನಿಲ್ಲಿ. ಟಿಳಕವಾಡಿಯಲ್ಲಿ ರೈಲ್ವೆ ಗೇಟುಗಳ ಆಚೆಯ ಮನೆಯಾದರೆ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿನಲ್ಲಿ ಗೇಟು ಬಿದ್ದಾಗ ಎಷ್ಟು ಕಾಯಬೇಕು ಎಂದು ಸ್ವತಃ ಕಾದು ನೋಡಿ. ಗಣಪತಿ ಹಬ್ಬದ ಮಂಟಪ ಎಲ್ಲಿ ಹಾಕುತ್ತಾರೆ ಎಂದು ಕೇಳಿಕೊಳ್ಳಿ. ನನಗೆ ಆ ಹನ್ನೊಂದು ದಿನದ ಸದ್ದು ಬೇಕು, ಅದಿಲ್ಲದ ಬೆಳಗಾವಿ ನನಗೆ ಒಗ್ಗುವುದಿಲ್ಲ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಲೆಕ್ಕ ಬೇರೆ.

ನೀರಿನ ವಿಷಯ ನೆರೆಮನೆಯ ಹೆಂಗಸರಿಂದಲೇ ತಿಳಿಯಬೇಕು. ನಗರಕ್ಕೆ ರಾಕಸಕೊಪ್ಪ ಮತ್ತು ಹಿಡಕಲ್ ಎರಡೂ ಜಲಾಶಯಗಳಿಂದ ನೀರು ಬರುತ್ತದೆ. 2008ರಿಂದ ಕೆಲವು ವಾರ್ಡುಗಳಿಗೆ ಮೊದಲು 24 ಗಂಟೆಯ ನೀರು ಬಂದಿತು, ಉಳಿದವರು ಪಾಳಿ ಕಾಯುತ್ತ ಬಂದರು. ಒಂದೇ ಹೆಸರಿನ ಬಡಾವಣೆಯಲ್ಲಿ ಈ ಬೀದಿಗೊಂದು ನ್ಯಾಯ, ಆ ಬೀದಿಗೊಂದು ನ್ಯಾಯ ಇರಬಹುದು. "ಕಾಕು, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುತ್ತೀರಾ?" ಎಂದು ಕೇಳಿದರೆ ಅವರು ನೀರಿನ ಜೊತೆಗೆ ಉಳಿದ ಕಥೆಯನ್ನೂ ಹೇಳುತ್ತಾರೆ. ಹಿತ್ತಲಿನಲ್ಲಿ ಬಾವಿ ಇದ್ದರೆ ಮುಚ್ಚಿಸುವ ಯೋಚನೆ ಮಾಡಬೇಡಿ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದ ನೀರಿಗಾಗಿ ಟಿಳಕವಾಡಿಯಲ್ಲಿ ತೋಡಿದ ಬಾವಿ ಇಂದಿಗೂ ಇದೆ. ಒಳ್ಳೆಯ ಸೆಲೆಯ ಬಾವಿ ಮನೆಯ ಬೆಲೆಯನ್ನು ಹೆಚ್ಚಿಸುವ ಆಸ್ತಿ.

ಇನ್ನು ಕಾಗದ. ಮನೆ ಹಿಡಿಸಿತು ಎಂದು ಸಂಚಕಾರ ಕೊಟ್ಟು, ಆಮೇಲೆ ಕಾಗದ ಕೇಳುವವರೇ ಹೆಚ್ಚು. ಅದನ್ನು ತಿರುಗಿಸಿ: ಕಾಗದದ ನಕಲು ಕೈಗೆ ಬಂದು, ವಕೀಲರು ಓದಿ ಮುಗಿಸುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಾರುವವರು "ನಾಳೆ ಬೇರೆಯವರು ಬರುತ್ತಾರೆ" ಎಂದರೆ ಬರಲಿ ಬಿಡಿ.

ಕೇಳಬೇಕಾದದ್ದು ಖರೀದಿ ಪತ್ರ, ಅದರ ಹಿಂದಿನ ಖರೀದಿ ಪತ್ರಗಳು, ಸಿಟಿ ಸರ್ವೆಯ ಉತಾರ (ಅಲ್ಲಿನ ದಾಖಲೆಯ ನಕಲು), ಪಾಲಿಕೆಯ ಇ-ಖಾತಾ, ಕಟ್ಟಡದ ಮಂಜೂರಾದ ನಕಾಶೆ, ಬಡಾವಣೆಯ ಮಂಜೂರಾತಿ, ಋಣಭಾರ ಪ್ರಮಾಣಪತ್ರ. ಋಣಭಾರ ಪತ್ರವನ್ನು ಕಾವೇರಿ ಆನ್‌ಲೈನ್‌ನಲ್ಲಿ ನೀವೇ ತೆಗೆಸಿ, ಅವರು ಕೊಟ್ಟದ್ದನ್ನು ನೆಚ್ಚಬೇಡಿ. ಮೂವತ್ತು ವರ್ಷದ ಹಿಂದಿನವರೆಗೆ ಮಾಲೀಕತ್ವದ ಸರಪಳಿ ಎಲ್ಲಿಯೂ ತುಂಡಾಗಿರಬಾರದು. ನಮ್ಮ ಊರು 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಹಳೆಯ ಕಾಗದ ಹೆಚ್ಚಾಗಿ ಮರಾಠಿಯಲ್ಲಿರುತ್ತದೆ, ಕೆಲವು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲೂ ಇರುತ್ತವೆ. ಓದಲು ಬರುವುದಿಲ್ಲ ಎಂದು ಬದಿಗಿಡಬೇಡಿ. ಮೋಡಿ ಓದುವವರು ಈಗಲೂ ಇದ್ದಾರೆ, ಓದಿಸಿ.

ಇ-ಖಾತಾದಲ್ಲಿ ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಹೆಸರು ಖರೀದಿ ಪತ್ರಕ್ಕೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಟೇಪು ಹಿಡಿದು ಸೈಟನ್ನು ನೀವೇ ಅಳೆಯಿರಿ. ಒಂದು ಗುಂಟೆ ಎಂದರೆ 1089 ಚದರ ಅಡಿ; ಕಾಗದದಲ್ಲಿ ಎರಡು ಗುಂಟೆ ಇದ್ದು ನೆಲದ ಮೇಲೆ ನೂರು ಅಡಿ ಕಡಿಮೆ ಬಂದರೆ ಅದು ಪಕ್ಕದವರ ಕಂಪೌಂಡಿನೊಳಗೆ ಹೋಗಿರುತ್ತದೆ. ಬಿ-ಖಾತಾ ತೋರಿಸಿ "ಎಲ್ಲ ಸರಿಯಾಗಿದೆ" ಎಂದರೆ ಒಪ್ಪಬೇಡಿ. ಅದು ತೆರಿಗೆ ಕಟ್ಟಿಸಿಕೊಳ್ಳಲು ಮಾಡಿದ ದಾಖಲೆ, ಬಡಾವಣೆಯನ್ನು ಮಂಜೂರಾದ ಬಡಾವಣೆ ಮಾಡುವುದಿಲ್ಲ. ಹೊಲವನ್ನು ಗುಂಟೆಗುಂಟೆ ಕತ್ತರಿಸಿ ನೋಂದಣಿಯಿಲ್ಲದೆ ಬರೀ ಬಾಂಡ್ ಕಾಗದದ ಮೇಲೆ ಮಾರಿದ ಜಾಗದಲ್ಲಿ ಎಷ್ಟು ಚೆಂದದ ಮನೆ ಕಟ್ಟಿದ್ದರೂ ದೂರವಿರಿ. ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ದೊಡ್ಡ ಮರಗಳ ನಡುವಿನ ಹಳೆಯ ಬಂಗಲೆಗಳು ಎಂಥವರ ಮನಸ್ಸನ್ನೂ ಸೆಳೆಯುತ್ತವೆ. ಆದರೆ ಅಲ್ಲಿ ಅನೇಕ ಕಡೆ ಕಟ್ಟಡ ಮಾತ್ರ ಮನೆಯವರದು, ನೆಲ ರಕ್ಷಣಾ ಇಲಾಖೆಯದು. ಅದನ್ನು ಕೊಳ್ಳುವ ಮೊದಲು ದಂಡು ಮಂಡಳಿಯ ದಾಖಲೆ ನೋಡಲೇಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಅಕ್ಕತಂಗಿಯರ ಸಹಿಯ ವಿಷಯ. ಮಾರುವವರು ಅಣ್ಣತಮ್ಮಂದಿರು, ತಂದೆ ತೀರಿಕೊಂಡಿದ್ದಾರೆ, ವಾರಸಾ ಆಗಿದೆ, ಖಾತಾದಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದೆ. ಬೆಳಗಾವಿಯಲ್ಲಿ ಇಂಥ ಕಾಗದ ಎಷ್ಟು ಬೇಕಾದರೂ ಸಿಗುತ್ತದೆ. ಖಾತಾದಲ್ಲಿ ಹೆಸರಿಲ್ಲದಿದ್ದರೆ ಹಕ್ಕಿಲ್ಲ ಎಂದರ್ಥವಲ್ಲ. ತಂದೆಯ ಸ್ವಂತ ಸಂಪಾದನೆಯ ಮನೆಯಾಗಿದ್ದು ಅವರು ಮೃತ್ಯುಪತ್ರ ಬರೆಯದೆ ಹೋಗಿದ್ದರೆ ಹೆಂಡತಿ, ತಾಯಿ, ಮಕ್ಕಳು ಎಲ್ಲರಿಗೂ ಸಮಪಾಲು, ಗಂಡು ಹೆಣ್ಣು ಎಂಬ ಭೇದವಿಲ್ಲ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಆ ಹೊತ್ತಿಗೆ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿ (ಆಸ್ತಿ ಪಾಲಿನ) ಪತ್ರವಿದ್ದರೆ ಮಾತು ಬೇರೆ.

ಕೊಲ್ಹಾಪುರಕ್ಕೋ ಸಾಂಗಲಿಗೋ ಗೋವಾಕ್ಕೋ ಕೊಟ್ಟ ತಂಗಿ ಹಬ್ಬಕ್ಕೆ ಬಂದಾಗಲೂ ಮನೆ ಮಾರುವ ಸುದ್ದಿಯನ್ನು ಅವಳಿಗೆ ತಿಳಿಸದವರಿದ್ದಾರೆ. ನಾನು ಕೆಲಸದಲ್ಲಿದ್ದಾಗ ಒಂದು ಕಡತದಲ್ಲಿ ಹಕ್ಕುಬಿಡುಗಡೆ ಪತ್ರ ಎಂದು ಒಂದು ಹಾಳೆ ಇತ್ತು: ಸಾದಾ ಛಾಪಾ ಕಾಗದ, ಕೆಳಗೆ ನೋಟರಿಯ ಸೀಲು, ಇಬ್ಬರು ಅಕ್ಕತಂಗಿಯರ ಸಹಿ. ಎರಡೂ ಸಹಿಯಲ್ಲಿ 'ಬಾಯಿ' ಎಂಬುದನ್ನು ಒಂದೇ ಕೈ ಬರೆದ ಹಾಗೆ, ಕೊನೆಯಲ್ಲಿ ಅದೇ ಬಾಲ. ನಾವು ಸಾಲ ತಡೆದೆವು. ಕೊಳ್ಳುವವರು ನೇರವಾಗಿ ಆ ಅಕ್ಕನಿಗೆ ಫೋನು ಮಾಡಿದಾಗ ಅವರಿಗೆ ಏನೂ ಗೊತ್ತಿರಲಿಲ್ಲ. ಆದ್ದರಿಂದ ನೋಟರಿ ಕಾಗದ ಸಾಲದು. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಹಕ್ಕುಬಿಡುಗಡೆ ಪತ್ರವೇ ಬೇಕು. ಅದಕ್ಕಿಂತ ಉತ್ತಮವೆಂದರೆ ಖರೀದಿ ಪತ್ರಕ್ಕೇ ಅವರೆಲ್ಲರೂ ಬಂದು ಸಹಿ ಮಾಡುವುದು. ಸಾಧ್ಯವಾದರೆ ಮೊದಲೇ ಅವರನ್ನು ಕಂಡು ಮಾತಾಡಿ: "ಅಕ್ಕಾ, ನಿಮ್ಮ ತವರುಮನೆಯನ್ನು ನಾವು ಕೊಳ್ಳಬೇಕೆಂದಿದ್ದೇವೆ, ನಿಮಗೆ ಒಪ್ಪಿಗೆ ಇದೆಯೇ?" ಇದು ಕಾನೂನಿಗೆ ಮಾತ್ರ ಕೇಳುವ ಪ್ರಶ್ನೆಯಲ್ಲ. ಒಬ್ಬ ಹೆಣ್ಣುಮಗಳಿಗೆ ಸೇರಬೇಕಾದದ್ದನ್ನು ತಪ್ಪಿಸಿ ಕೊಟ್ಟ ಮನೆಯಲ್ಲಿ ನಾನಂತೂ ದೀಪ ಹಚ್ಚಲಾರೆ.

ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿ. ಪುಣೆಯಲ್ಲೋ ದುಬೈನಲ್ಲೋ ಇರುವ ಮಗ ಮುಖತ್ಯಾರ ಪತ್ರ ಕಳಿಸಿದ್ದರೆ ಮೂಲ ಪತ್ರ ನೋಡಿ, ವಿಡಿಯೊ ಕರೆ ಮಾಡಿ ಅವನೊಡನೆ ಮಾತಾಡಿ. ಬರೀ ಮುಖತ್ಯಾರ ಪತ್ರ ಕೊಟ್ಟು "ಮನೆ ನಿಮ್ಮದಾಯಿತು" ಎನ್ನುವ ಮಾರಾಟಕ್ಕೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 80 ಲಕ್ಷದ ಮನೆ ಎನ್ನಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಬೆಲೆಯ ಶೇ 80, ಅಂದರೆ 64 ಲಕ್ಷ. 16 ಲಕ್ಷ ನಿಮ್ಮ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಉಪಕರಗಳು ಸೇರಿ ಶೇ 5.6, ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿಸಿದ್ದಾರೆ. ಒಟ್ಟು ಶೇ 7.6, ಅಂದರೆ 6 ಲಕ್ಷದ 8 ಸಾವಿರ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ವಕೀಲರು, ಏಜೆಂಟರು, ಬಣ್ಣ, ರಿಪೇರಿ ಬಿಟ್ಟು ನಿಮ್ಮ ಕೈಯಲ್ಲಿ 22 ಲಕ್ಷ ಇರಲೇಬೇಕು. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. 50 ಲಕ್ಷ ಅಥವಾ ಹೆಚ್ಚಿನ ಬೆಲೆಯಾದರೆ ಶೇ 1 ಆದಾಯ ತೆರಿಗೆಯನ್ನು ಮಾರುವವರ ಹಣದಲ್ಲೇ ಹಿಡಿದು ನೀವು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಮಾತುಕತೆಯ ದಿನವೇ ಹೇಳಿಬಿಡಿ, ಕೊನೆಯ ದಿನ ಹೇಳಿದರೆ ಜಗಳವಾಗುತ್ತದೆ. ಅರ್ಧ ಚೆಕ್ಕಿನಲ್ಲಿ, ಅರ್ಧ ನಗದಿನಲ್ಲಿ ಎನ್ನುವವರಿಗೆ ಬೇಡ ಎನ್ನಿ. ಮುಂದೆ ವ್ಯಾಜ್ಯ ಬಂದರೆ ಆ ನಗದಿಗೆ ಯಾವ ಸಾಕ್ಷಿಯೂ ಇರುವುದಿಲ್ಲ.

ನೋಂದಣಿಗೆ ಮೊದಲು ಹೆಸ್ಕಾಂ ಕರೆಂಟು ಬಿಲ್ಲು, ನೀರಿನ ಬಿಲ್ಲು, ಆಸ್ತಿ ತೆರಿಗೆಯ ಬಾಕಿಯನ್ನು ಮಾರುವವರಿಂದಲೇ ತುಂಬಿಸಿ, ರಸೀದಿಯನ್ನು ಕೈಗೆ ಪಡೆದುಕೊಳ್ಳಿ. ಬಾಡಿಗೆಯವರು ಇದ್ದರೆ ಅವರು ಖಾಲಿ ಮಾಡಿದ ಮೇಲೆಯೇ ಕೊನೆಯ ಕಂತು. ನೋಂದಣಿಯಾದ ತಕ್ಷಣ ಖಾತಾ ಬದಲಾವಣೆಗೆ, ಸಿಟಿ ಸರ್ವೆ ಉತಾರಕ್ಕೆ, ಮೀಟರಿಗೆ ಮೂರಕ್ಕೂ ಬೇರೆ ಬೇರೆ ಅರ್ಜಿ ಕೊಡಿ. ಒಂದಾದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ದಸರೆಗೆ ಕೊಂಡವರಿಗೆ ಏಪ್ರಿಲ್ ಹೊತ್ತಿಗೆ ಖಾತಾ ತಮ್ಮ ಹೆಸರಿಗೆ ಬಂದಿರುತ್ತದೆ. ಆ ತಿಂಗಳಲ್ಲೇ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ನಿಮ್ಮ ಹೆಸರಿನ ಮೊದಲ ರಸೀದಿಯೂ ಕಡತಕ್ಕೆ ಸೇರುತ್ತದೆ.